ಒಕ್ಕೂಟ ಒಡೆಯುವುದೆಲ್ಲಿ?



ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿ ನೋಡಿ ಹಿಂದಿರುಗುವುದೇ ಹೆಚ್ಚು. ಮುಂದಿನ ಸಲ ಚೌಟರ ಅರಮನೆಯನ್ನೂ ನೋಡಿ. ಅಲ್ಲಿನ ಮರದ ಕಂಬದಲ್ಲಿ ಒಂಬತ್ತು ಹೆಂಗಳೆಯರು ಹೆಣೆದುಕೊಂಡು ಒಂದು ಆನೆಯಾಗಿ ನಿಂತಿದ್ದಾರೆ. ಅದೇ ನವನಾರಿ ಕುಂಜರ. ಒಬ್ಬಳು ಕೈಬಿಟ್ಟರೂ ಆನೆ ಉಳಿಯದು.

ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇದೇ ಚೌಟ ಮನೆತನದವಳು. ಆಗ ತುಳುನಾಡು ಸಣ್ಣ ಸಣ್ಣ ಅರಸುಮನೆಗಳ ನಾಡು. ಇಂದಿನ ಬೆಳ್ತಂಗಡಿ ತಾಲ್ಲೂಕಿನ ಬಂಗಾಡಿಯಲ್ಲೂ ಬಂಟ್ವಾಳ ತಾಲ್ಲೂಕಿನ ನಂದಾವರದಲ್ಲೂ ಬಂಗರು, ವೇಣೂರಿನಲ್ಲಿ ಅಜಿಲರು. ತಮ್ಮ ಪರವಾನಗಿಯಿಲ್ಲದೆ ಹಡಗು ಓಡಬಾರದು, ಕಪ್ಪ ಸಲ್ಲಬೇಕು ಎಂಬುದು ಪೋರ್ಚುಗೀಸರ ಹಟ. ಒಂಟಿ ಅರಸು ಅವರಿಗೆ ಸಾಟಿಯಲ್ಲ. ಆದ್ದರಿಂದ ಮಿತ್ರರು ಬೇಕಾದರು.

1570ರಲ್ಲಿ ದೊಡ್ಡದೊಂದು ಒಕ್ಕೂಟವೇ ಎದ್ದಿತು. ಬಿಜಾಪುರದ ಆದಿಲ್ ಶಾಹ ಗೋವೆಯ ಮೇಲೆ, ಅಹಮದ್‌ನಗರದ ನಿಜಾಮ್ ಶಾಹ ಚೌಲ್ ಮೇಲೆ ಬಿದ್ದರು. ಕಲ್ಲಿಕೋಟೆಯ ಜಾಮೊರಿನ್ ಚಾಲಿಯಂ ಕೋಟೆಯನ್ನು ಮುತ್ತಿದನು. ಶತ್ರು ಒಬ್ಬನೇ, ಆದರೆ ಒಬ್ಬೊಬ್ಬರಿಗೆ ಬೇಕಾದ ಕೋಟೆ ಬೇರೆ ಬೇರೆ. 1571ರಲ್ಲಿ ಜಾಮೊರಿನ್ ಚಾಲಿಯಂ ಗೆದ್ದು ಕೆಡವಿದನು. ಗೋವೆ, ಚೌಲ್ ಬೀಳಲಿಲ್ಲ. ಅದೇ ವರ್ಷ ಇಬ್ಬರು ಸುಲ್ತಾನರೂ ತಮ್ಮ ತಮ್ಮಷ್ಟಕ್ಕೆ ಸಂಧಿ ಮಾಡಿಕೊಂಡರು.

ಇನ್ನೊಂದು ಬಿರುಕು ಮನೆಯೊಳಗಿನದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡನು. ಆಕೆ ಬರಿಗಾಲಲ್ಲಿ ನಡೆದು ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳಂತೆ. ಆಕೆಗೂ ಪತಿಯಾದ ಬಂಗರಸನಿಗೂ ಜಗಳ. ಆತ ಪೋರ್ಚುಗೀಸರ ಕಡೆ. ಆಕೆಯ ನೆರವಿಗೆ ಇಕ್ಕೇರಿಯ ವೆಂಕಟಪ್ಪನಾಯಕ. ಅಳಿಯಸಂತಾನದ ನಾಡಿನಲ್ಲಿ ಮದುವೆ ಎರಡು ಅರಸುಮನೆಗಳನ್ನು ಹತ್ತಿರ ತಂದೀತೇ ಹೊರತು ಒಂದು ಮಾಡದು. ಕೊನೆಗೆ ಲಾಭ ಯಾರಿಗೆ? ತುಳುವ ಅರಸರು ಒಬ್ಬೊಬ್ಬರಾಗಿ ಇಕ್ಕೇರಿಗೆ ಕಪ್ಪ ಕೊಡುವವರಾದರು. ನೆರವಿಗೂ ಬೆಲೆಯುಂಟು!

ನಾನು ವಿಜ್ಞಾನ ಓದಿದವನು. ಪ್ರಯೋಗ ಕೆಟ್ಟರೆ ಯಾರನ್ನು ಬಯ್ಯುವುದೆಂದಲ್ಲ, ಎಲ್ಲಿ ಕೆಟ್ಟಿತೆಂದು ಹುಡುಕುವುದು ನಮ್ಮ ಅಭ್ಯಾಸ. 'ದ್ರೋಹ' ಎಂಬ ಒಂದೇ ಮಾತಿನಿಂದ ಈ ಕಥೆ ಮುಗಿಸಬೇಡಿ. ಯುದ್ಧದ ಗುರಿ ಒಂದೇ ಆಗಿತ್ತೇ? ಖರ್ಚು, ನಷ್ಟ ಸಮನಾಗಿ ಹಂಚಿಕೆಯಾಯಿತೇ? ಸಂಧಿಯನ್ನು ಯಾರು, ಯಾವಾಗ ಮಾಡಬೇಕೆಂದು ಮೊದಲೇ ಮಾತಾಗಿತ್ತೇ? ಹೀಗೆ ಕೇಳಿ.

ಎರಡನೆಯ ಮಹಾಯುದ್ಧದಲ್ಲಿ ಈ ಕೊನೆಯ ಪ್ರಶ್ನೆಗೆ ಬರಹದಲ್ಲೇ ಉತ್ತರ ಸಿಕ್ಕಿತು. 1942ರ ಜನವರಿಯಲ್ಲಿ ಭಾರತವೂ ಸೇರಿ 26 ದೇಶಗಳು ಸಹಿ ಹಾಕಿದ ಘೋಷಣೆಯಲ್ಲಿ, ಯಾರೂ ಶತ್ರುವಿನೊಡನೆ ಪ್ರತ್ಯೇಕ ಸಂಧಿ ಮಾಡಿಕೊಳ್ಳಬಾರದೆಂಬ ವಚನವಿತ್ತು. ಆ ಮಿತ್ರರ ನಡುವೆಯೂ ಸಂಶಯಗಳಿದ್ದವು. ಯುದ್ಧ ಮುಗಿದ ಮೇಲೆ ಹಗೆಯೂ ಬೆಳೆಯಿತು. ಆದರೆ ಯುದ್ಧ ಮುಗಿಯುವವರೆಗೆ ಒಕ್ಕೂಟ ನಿಂತಿತು.

ಇಂದೂ ಯುದ್ಧದಲ್ಲಿರುವ ದೇಶಕ್ಕೆ ಹಲವು ದೇಶಗಳು ಬೆಂಬಲ ಸಾರುವುದನ್ನು ನೀವು ಸುದ್ದಿಯಲ್ಲಿ ಕೇಳುತ್ತೀರಿ. ಆಗ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮೂಡುಬಿದಿರೆಯ ಆನೆಯನ್ನೂ ನೆನೆಯಿರಿ: ಅದರ ಬಲವೆಲ್ಲ ಹಿಡಿದ ಕೈಗಳಲ್ಲಿದೆ.