ಶಾಲೆಯ ಮಾತು, ಹೊಲದ ಮಾತು



ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ಮನೆಗಳಲ್ಲಿ ದೊಡ್ಡವರು ಬೇಸಾಯವನ್ನು ಹೊಲದಲ್ಲಿ ಕಲಿತವರು. ಮಕ್ಕಳು ಅದನ್ನೇ ಪುಸ್ತಕದಲ್ಲಿ ಓದುತ್ತಾರೆ. ಮಾತು ಬೇರೆ, ವಿಷಯ ಒಂದೇ. ಇವೆರಡೂ ಕೂಡದೆ ಹೋದರೆ ನಷ್ಟ ಮನೆಗೇ. ಅದು ಹೇಗೆ ಅಂತೀರಾ? ನಾಲ್ಕು ಮಾತು ತೆಗೆದುಕೊಳ್ಳೋಣ.

ಮೊದಲನೆಯದು ಹದ. ಉಳುವ ಮುಂಚೆ ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತೀರಿ. ಉಂಡೆ ಕಟ್ಟಬೇಕು, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಪುಸ್ತಕದಲ್ಲಿ ‘ಮಣ್ಣಿನ ತೇವಾಂಶ’ ಎಂದು ಬರುವ ಪಾಠ ಇದೇ.

ಎರಡನೆಯದು ಅಕ್ಕಡಿ. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ ಸಾಲು ಬಿಡುತ್ತೀರಲ್ಲ, ಅದು ಪುಸ್ತಕದ ‘ಅಂತರ ಬೆಳೆ’. ಅವರೆ ಗಿಡ ಕಿತ್ತು ಬೇರು ನೋಡಿ. ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ.

ಮೂರನೆಯದು ತಳಿ. ರಾಗಿ ಎಂಬುದು ಬೆಳೆ; ಇಂಡಾಫ್ ಎಂಬುದು ಅದರ ತಳಿಗಳ ಹೆಸರು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇವನ್ನು ಹುಟ್ಟಿಸಿದರು. ಇಂಡಿಯಾದಿಂದ ‘ಇಂಡ್’, ಆಫ್ರಿಕದಿಂದ ‘ಆಫ್’, ಹೀಗೆ ಆ ಹೆಸರು. ಬಿತ್ತನೆಗೆ ಬೀಜ ತರುವಾಗ ‘ರಾಗಿ ಕೊಡಿ’ ಎಂದರೆ ಸಾಲದು. ಯಾವ ತಳಿ, ಎಷ್ಟು ದಿನಕ್ಕೆ ಕೊಯ್ಲು ಎಂದು ಕೇಳಿ. ಮಳೆ ತಡವಾದ ವರ್ಷ ದೀರ್ಘಾವಧಿ ತಳಿ ಬಿತ್ತಿದರೆ ತೆನೆ ಕಟ್ಟುವ ಹೊತ್ತಿಗೆ ಭೂಮಿ ಒಣಗಿರುತ್ತದೆ.

ನಾಲ್ಕನೆಯದೇ ದುಡ್ಡಿನ ಮಾತು: ಗೊಬ್ಬರದ ಚೀಲದ ಮೇಲಿನ ಅಂಕಿ. ಸಾರಜನಕ, ರಂಜಕ, ಪೊಟ್ಯಾಷ್, ಇದೇ ಕ್ರಮದಲ್ಲಿ ನೂರಕ್ಕೆ ಎಷ್ಟು ಎಂದು ಬರೆದಿರುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ; ಬೇರೇನೂ ಇಲ್ಲ. 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ ಸಿಕ್ಕಿತು. ಡಿ.ಎ.ಪಿ.ಯ ಮೇಲೆ 18:46:0 ಎಂದಿದೆ. ಅದರ 50 ಕಿಲೋ ಚೀಲದಲ್ಲಿ ಸಾರಜನಕ 9 ಕಿಲೋ, ರಂಜಕ 23 ಕಿಲೋ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ನಿಮ್ಮ ಒಂದು ಎಕರೆಗೆ ಸಾರಜನಕ 20, ರಂಜಕ 23 ಕಿಲೋ ಎಂದು ಬಂದಿದೆ ಎನ್ನಿ. ಬಹಳ ಮಂದಿ ಡಿ.ಎ.ಪಿ. ಒಂದು ಚೀಲ, ಯೂರಿಯಾ ಒಂದು ಚೀಲ ಸುರಿದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಡಿ.ಎ.ಪಿ.ಯಲ್ಲೇ ಸಾರಜನಕ 9 ಕಿಲೋ ಬಂತು. ಉಳಿದದ್ದು 11. ಅದಕ್ಕೆ 24 ಕಿಲೋ ಯೂರಿಯಾ ಸಾಕು. ಹೆಚ್ಚುಕಡಿಮೆ ಅರ್ಧ ಚೀಲ ಉಳಿಯಿತು. ಹೆಚ್ಚು ಹಾಕಿದರೆ ದುಡ್ಡು ದಂಡ. ಪೈರು ಹುಲುಸಾಗಿ ಬೆಳೆದು ಗಾಳಿಮಳೆಗೆ ಮಲಗುತ್ತದೆ, ಕೀಟಕ್ಕೂ ಕರೆ ಕೊಟ್ಟಂತೆ. ಚೀಟಿಯಲ್ಲಿ ಪೊಟ್ಯಾಷ್ ಕೂಡ ಇದ್ದರೆ ಅದನ್ನು ಬೇರೆಯಾಗಿ ಕೊಡಬೇಕು. ಈ ಎರಡು ಚೀಲದಲ್ಲೂ ಅದಿಲ್ಲ.

ಮಣ್ಣು ಪರೀಕ್ಷೆ ಮಾಡಿಸುವ ವಿಚಾರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಚೀಟಿ ಬಂದ ಮೇಲೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಲೆಕ್ಕ ಹಾಕಿಸಿ. ಆದರೆ ಮೇಲುಗೊಬ್ಬರ ಯಾವ ದಿನ ಹಾಕಬೇಕೆಂದು ಹೇಳುವವರು ನೀವು. ಹದ ನೋಡುವ ಕೈ ನಿಮ್ಮದು. ಮಕ್ಕಳನ್ನೂ ಹೊಲಕ್ಕೆ ಕರೆದೊಯ್ದು ಆ ಹಿಡಿ ಮಣ್ಣನ್ನು ಅವರ ಕೈಗೆ ಕೊಡಿ.