ತಲೆಕೆಳಗಾಗುವ ಹಳಿಯ ಕಥೆ

ನೀರು ತುಂಬಿದ ತಂಬಿಗೆಯ ಕಂಠಕ್ಕೆ ಹಗ್ಗ ಕಟ್ಟಿ ಗಿರಗಿರನೆ ಮೇಲಕ್ಕೂ ಕೆಳಕ್ಕೂ ತಿರುಗಿಸಿದರೆ, ತಂಬಿಗೆ ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ಮನರಂಜನಾ ಉದ್ಯಾನಗಳಲ್ಲಿ ಜನರನ್ನು ತಲೆಕೆಳಗು ಮಾಡುವ ರೋಲರ್ ಕೋಸ್ಟರಿನ ಹಿಂದಿರುವುದೂ ಇದೇ ತತ್ತ್ವ. ಆದರೆ ತಂಬಿಗೆಯ ನೀರಿಗೆ ಕುತ್ತಿಗೆಯಿಲ್ಲ, ಮನುಷ್ಯನಿಗಿದೆ. ಈ ವ್ಯತ್ಯಾಸಕ್ಕೆ ತಕ್ಕ ಹಳಿಯನ್ನು ರೂಪಿಸಲು ಬಹುಕಾಲವೇ ಹಿಡಿಯಿತು.

1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಪಾಲ್ ಬಾಯ್ಟನ್ ಎಂಬುವರು 'ಸೀ ಲಯನ್ ಪಾರ್ಕ್' ತೆರೆದರು. ಅಲ್ಲಿನ ಆಕರ್ಷಣೆಗಳಲ್ಲೊಂದು 'ಫ್ಲಿಪ್ ಫ್ಲ್ಯಾಪ್ ರೈಲ್ವೇ'. ಪುಟ್ಟ ಬಂಡಿ ಇಳಿಜಾರಿನಲ್ಲಿ ಧಾವಿಸಿ ಬಂದು, ಬಳೆಯಂತೆ ಗುಂಡಾಗಿದ್ದ ಹಳಿಯೊಳಗೆ ಒಂದು ಸುತ್ತು ಹಾಕಿ ಹೊರಬರುತ್ತಿತ್ತು. ಬಂಡಿಯೇನೋ ಕೆಳಗೆ ಬೀಳಲಿಲ್ಲ. ಆದರೆ ಕುಳಿತವರಿಗೆ ಕುತ್ತಿಗೆ ಉಳುಕುತ್ತಿತ್ತು, ಬೆನ್ನು ನೋಯುತ್ತಿತ್ತು. 1902ರಲ್ಲಿ ಉದ್ಯಾನವೇ ಮುಚ್ಚಿತು.

ತಪ್ಪು ಇದ್ದದ್ದು ಹಳಿಯ ಆಕಾರದಲ್ಲಿ. ನೇರ ಹಳಿಯಲ್ಲಿ ತಿರುವೇ ಇಲ್ಲ. ವೃತ್ತದಲ್ಲಿ ಮೊದಲ ಅಂಗುಲದಿಂದಲೇ ಪೂರ್ತಿ ತಿರುವು. ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಮೈಗೆ ಗುದ್ದಿದಂತಾಗುತ್ತದೆ. ಅಷ್ಟೇ ಅಲ್ಲ, ವೃತ್ತದ ತುದಿಯಲ್ಲಿ ಬಂಡಿ ಹಳಿ ಬಿಡದಂತೆ ಸಾಗಲು ಬೇಕಾದ ಕನಿಷ್ಠ ವೇಗದಲ್ಲಿಯೇ, ತಳದಲ್ಲಿ ಸವಾರನಿಗೆ ತನ್ನ ಮೈ ಆರು ಪಟ್ಟು ಭಾರವೆನಿಸುತ್ತದೆ. 60 ಕಿಲೋ ತೂಕದವರು 360 ಕಿಲೋ ಆದಂತೆ! ವೃತ್ತವನ್ನು ಎಷ್ಟೇ ದೊಡ್ಡದು ಮಾಡಿದರೂ ಈ ಲೆಕ್ಕ ಬದಲಾಗದು. ಬದಲಾಗಬೇಕಾದುದು ವೃತ್ತವೇ.

1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಅದೇ ಕೋನಿ ಐಲೆಂಡಿನಲ್ಲಿ ಮೊಟ್ಟೆಯಾಕಾರದ ಸುತ್ತನ್ನು ಕಟ್ಟಿದರು. 'ಲೂಪ್ ದಿ ಲೂಪ್' ಎಂಬ ಈ ಸವಾರಿ ಹಿಂದಿನದಕ್ಕಿಂತ ಎಷ್ಟೋ ಹಿತವಾಗಿತ್ತು. ಆದರೆ ಬಂಡಿಯೊಂದರಲ್ಲಿ ನಾಲ್ವರಿಗಷ್ಟೇ ಜಾಗ. ಹತ್ತುವವರಿಗಿಂತ ನಿಂತು ನೋಡುವವರೇ ಹೆಚ್ಚು. 1910ರಲ್ಲಿ ಅದೂ ನಿಂತಿತು. ಮೈಗೆ ಹಿತವಾದರೆ ಸಾಲದು, ಖರ್ಚೂ ಹುಟ್ಟಬೇಕು ಎಂಬುದು ಆಗ ಕಲಿತ ಪಾಠ. ಮುಂದೆ ಹಲವು ದಶಕ ಇಂಥ ಸುತ್ತನ್ನು ಕಟ್ಟುವ ಗೋಜಿಗೆ ಹೋದವರು ವಿರಳ.

ಉತ್ತರ ದೂರದಲ್ಲೇನೂ ಇರಲಿಲ್ಲ, ಸಾಮಾನ್ಯ ರೈಲುಮಾರ್ಗದಲ್ಲಿಯೇ ಇತ್ತು. ರೈಲು ಹಳಿ ನೇರ ದಾರಿಯಿಂದ ಥಟ್ಟನೆ ತಿರುಗುವುದಿಲ್ಲ. ಮುಂದೆ ಮುಂದೆ ಹೋದಂತೆ ತಿರುವು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ. ಕ್ರಮಿಸಿದ ದೂರಕ್ಕೆ ಸರಿಯಾಗಿ ತಿರುವು ಬಿಗಿಯಾಗುವ ಇಂಥ ರೇಖೆಗೆ ಗಣಿತದಲ್ಲಿ ಕ್ಲೋಥಾಯ್ಡ್ ಎಂದು ಹೆಸರು. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಈ ರೇಖೆಯನ್ನು ಆಧರಿಸಿ ಲೆಕ್ಕ ಹಾಕಿದರು. ಆಂಟನ್ ಶ್ವಾರ್ಟ್ಸ್‌ಕೋಫ್ ಹಳಿಯನ್ನು ತಯಾರಿಸಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ಅವರ 'ಗ್ರೇಟ್ ಅಮೆರಿಕನ್ ರೆವಲ್ಯೂಷನ್' ಓಡತೊಡಗಿತು.

ಸುಮಾರು 90 ಅಡಿ ಎತ್ತರದ ಆ ಸುತ್ತು ನೋಡಲು ತಲೆಕೆಳಗಾದ ನೀರಿನ ಹನಿಯಂತೆ. ಬುಡದಲ್ಲಿ ವೇಗ ಹೆಚ್ಚು, ಆದ್ದರಿಂದ ಅಲ್ಲಿ ತಿರುವು ಸಡಿಲ. ಮೈ ಮೇಲೆ ಬೀಳುವ ಭಾರ ಕಡಿಮೆ. ನೆತ್ತಿಯಲ್ಲಿ ವೇಗ ಕುಗ್ಗಿರುತ್ತದೆ, ಅಲ್ಲಿ ತಿರುವು ಬಿಗಿ. ಸವಾರ ಆಸನಕ್ಕೆ ಒತ್ತಿಕೊಂಡೇ ಇರುತ್ತಾನೆ. ಹೀಗಾಗಿ ಆರಂಭದಲ್ಲಿ ಸವಾರರನ್ನು ಹಿಡಿದಿಡಲು ತೊಡೆಯ ಮೇಲಿನ ಒಂದು ಸರಳು ಸಾಕಾಗಿತ್ತು. ನಲವತ್ತು ವರ್ಷಗಳ ಬಳಿಕ, 2016ರಲ್ಲಿ, ಬಂಡಿಗಳನ್ನು ಬದಲಿಸಿದರು. ಸುತ್ತು ಮಾತ್ರ ಹಳೆಯದೇ ಉಳಿಯಿತು.

ಇಂಥ ಆಟಗಳಿಗೆ ದುಡ್ಡು ಕೊಟ್ಟು ಹತ್ತುವವರು ಭಯವನ್ನು ಬಯಸಿಯೇ ಬರುತ್ತಾರೆ, ನೋವನ್ನಲ್ಲ. ಎರಡನ್ನೂ ಬೇರ್ಪಡಿಸುವುದೇ ವಿನ್ಯಾಸಕಾರರ ಕೆಲಸ. ಕಿರುಚುತ್ತಾ ಹೋದವರು ನಗುತ್ತಾ ಇಳಿದರೆ, ಹಳಿಯ ಆಕಾರ ಯಾರ ಗಮನಕ್ಕೂ ಬರುವುದಿಲ್ಲ. ಆ ಲೆಕ್ಕ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.