ಅಲ್ಪವಿರಾಮ ಯಾರನ್ನು ಒಳಗೊಳ್ಳುತ್ತದೆ?

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕನ್ನಡ ಶಾಲೆಯ ನೂರರ ಹಬ್ಬದಲ್ಲಿ ಇಂಗ್ಲಿಷಿನ ಒಂದು ಪುಟ್ಟ ಚಿಹ್ನೆಯ ವಿಚಾರವೇಕೆ ಎಂದು ತಾವು ಕೇಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯವೂ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಇವೆರಡರ ನಡುವೆ ನಮ್ಮ ಮನವಿಪತ್ರಗಳು ಎಷ್ಟೋ ಸಲ ಇಂಗ್ಲಿಷಿನಲ್ಲಿ ಹೋಗುತ್ತವೆ. ಅಲ್ಲಿ ಅಲ್ಪವಿರಾಮವೊಂದು ಹೆಚ್ಚಾದರೆ ಅಥವಾ ಕಡಮೆಯಾದರೆ ನಾವು ಯಾರ ಪರವಾಗಿ ಮಾತನಾಡುತ್ತಿದ್ದೇವೆ ಎಂಬುದೇ ಬದಲಾಗುತ್ತದೆ.

ದಿಂಬಂ ಘಾಟಿಯನ್ನೇ ನೋಡೋಣ. ಅಲ್ಲಿ 27 ಕಡಿದಾದ ತಿರುವುಗಳಿವೆ. ‘ಲಾರಿ ಸಿಕ್ಕಿಕೊಂಡ ತಿರುವು’ ಎಂದರೆ ಇಪ್ಪತ್ತೇಳರಲ್ಲಿ ಒಂದನ್ನು ಆರಿಸಿ ಹೇಳಿದಂತಾಯಿತು. ‘ಇಪ್ಪತ್ತೇಳು ತಿರುವುಗಳಿರುವ ದಿಂಬಂ ಘಾಟಿ’ ಎಂದಾಗ ಆರಿಸುವ ಮಾತೇ ಇಲ್ಲ. ಇರುವುದೊಂದೇ ಘಾಟಿ, ಅದರ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿಸಿದೆವು, ಅಷ್ಟೇ. ಕನ್ನಡದಲ್ಲಿ ಈ ಎರಡಕ್ಕೂ ರೂಪ ಒಂದೇ. ‘ಸಿಕ್ಕಿಕೊಂಡ’, ‘ಇರುವ’ ಎಂಬ ಕೃದಂತ ವಿಶೇಷಣಗಳು ನಾಮಪದಕ್ಕಿಂತ ಮೊದಲೇ ಬಂದು ಕೂಡುತ್ತವೆ. ನಡುವೆ ಚಿಹ್ನೆಗೆ ಎಡೆಯಿಲ್ಲ. ಯಾವ ಅರ್ಥವೆಂಬುದನ್ನು ಕೇಳುವವರ ಲೋಕಜ್ಞಾನಕ್ಕೆ ಬಿಟ್ಟಿರುತ್ತೇವೆ. ಖಚಿತವಾಗಿ ಹೇಳಬೇಕೆಂದಾಗ ‘ಅವುಗಳಲ್ಲಿ’ ಎಂದೋ ‘ಮಾತ್ರ’ ಎಂದೋ ಸೇರಿಸುತ್ತೇವೆ. ನಮ್ಮ ಶಾಸನಗಳೂ ಓಲೆಗರಿಗಳೂ ಅಲ್ಪವಿರಾಮವಿಲ್ಲದೆಯೇ ನಡೆದವು. ಅದು ಅಚ್ಚಿನ ಮೊಳೆಯೊಡನೆ ಬಂದ ಅತಿಥಿ.

ಇಂಗ್ಲಿಷಿನಲ್ಲಿ ನಾಮಪದ ಮೊದಲು, ವಿವರಣೆ ಆಮೇಲೆ. ‘ಹೂ’, ‘ವಿಚ್’ ಎಂದು ಆರಂಭವಾಗುವ ಉಪವಾಕ್ಯವನ್ನು ಅಲ್ಪವಿರಾಮಗಳ ನಡುವೆ ಇಟ್ಟರೆ ಅದು ಹೆಚ್ಚುವರಿ ಮಾಹಿತಿ. ತೆಗೆದುಹಾಕಿದರೂ ಯಾರ ಮಾತೆಂಬುದು ಕೆಡದು. ಅಲ್ಪವಿರಾಮವಿಲ್ಲದಿದ್ದರೆ ಅದು ಜರಡಿ. ಹಲವರಲ್ಲಿ ಕೆಲವರನ್ನು ಬೇರ್ಪಡಿಸುತ್ತದೆ. ‘ದಟ್’ ಎಂಬುದು ಸಾಮಾನ್ಯವಾಗಿ ಜರಡಿಯ ಕೆಲಸಕ್ಕೆ ಮಾತ್ರ. ಅದರ ಹಿಂದೆ ಅಲ್ಪವಿರಾಮ ಹಾಕುವ ವಾಡಿಕೆಯಿಲ್ಲ.

ಈಗ ಮನವಿಪತ್ರದ ವಾಕ್ಯವೊಂದನ್ನು ಊಹಿಸಿಕೊಳ್ಳಿ: ‘ದಿ ಚಿಲ್ಡ್ರನ್ ಆಫ್ ತಾಳವಾಡಿ, ಹೂ ಸ್ಪೀಕ್ ಕನ್ನಡ, ನೀಡ್ ಕನ್ನಡ ಟೆಕ್ಸ್ಟ್‌ಬುಕ್ಸ್.’ ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಎರಡು ಅಲ್ಪವಿರಾಮಗಳಿಂದ ತಾಳವಾಡಿಯ ಮಕ್ಕಳೆಲ್ಲರೂ ಕನ್ನಡ ಮಾತನಾಡುವವರೆಂದು ಸಾರಿದಂತಾಯಿತು. ನಮ್ಮ ನೆರೆಯಲ್ಲೇ ತಮಿಳು ಮನೆಗಳಿವೆ, ಸೋಲಿಗರ ಹಾಡಿಗಳಿವೆ, ಇರುಳರಿದ್ದಾರೆ. ಅವರ ಮಕ್ಕಳನ್ನು ಒಂದೇ ಗೀಟಿನಲ್ಲಿ ಅಳಿಸಿಬಿಟ್ಟೆವು. ಸ್ಥಳ ಬಲ್ಲ ಅಧಿಕಾರಿ ಈ ವಾಕ್ಯವನ್ನು ಸುಳ್ಳೆಂದು ಬದಿಗಿಟ್ಟರೆ ಆತನನ್ನು ದೂರುವಂತಿಲ್ಲ. ಅಲ್ಪವಿರಾಮಗಳನ್ನು ತೆಗೆಯಿರಿ: ಕನ್ನಡ ಮಾತನಾಡುವ ಮಕ್ಕಳಿಗೆ ಮಾತ್ರ ಆ ಬೇಡಿಕೆ ನಿಲ್ಲುತ್ತದೆ. ಬೇಡಿಕೆಯ ಬಲ ಇದರಿಂದ ಹೆಚ್ಚುತ್ತದೆಯೇ ಹೊರತು ಕುಗ್ಗದು.

ಆಸ್ತಿಪತ್ರಗಳಲ್ಲಿಯೂ ಹೀಗೆಯೇ. ‘ಕೆರೆಯ ಪಕ್ಕದಲ್ಲಿರುವ ನನ್ನ ಜಮೀನು ಮಗಳಿಗೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅಲ್ಪವಿರಾಮ ಬಿದ್ದರೆ ನನ್ನ ಜಮೀನೆಲ್ಲವೂ ಕೆರೆಯ ಪಕ್ಕದಲ್ಲೇ ಇದೆ, ಎಲ್ಲವೂ ಅವಳಿಗೇ ಎಂದು ಓದಬಹುದು. ಅಣ್ಣತಮ್ಮಂದಿರು ಕೋರ್ಟು ಹತ್ತಲು ಅಷ್ಟು ಸಾಕು.

ಸಂವಿಧಾನದ 29ನೆಯ ವಿಧಿಯ ಇಂಗ್ಲಿಷ್ ಪಾಠವನ್ನೂ ಒಮ್ಮೆ ಗಮನಿಸಬೇಕು. ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಯಾವುದೇ ನಾಗರಿಕ ವರ್ಗಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕಿದೆ ಎನ್ನುತ್ತದೆ ಅದು. ಅಲ್ಲಿ ‘ಹೂ’ ಇಲ್ಲ, ‘ಹ್ಯಾವಿಂಗ್’ ಇದೆ, ಕೆಲಸ ಅದೇ. ಅದರ ಹಿಂದೆ ಅಲ್ಪವಿರಾಮವಿಲ್ಲ. ಆದ್ದರಿಂದ ಸ್ವಂತ ಭಾಷೆಯಿರುವುದೇ ಹಕ್ಕಿನ ಗುರುತಾಗುತ್ತದೆ. ಆ ಗುರುತು ನಮ್ಮ ಕನ್ನಡಕ್ಕೂ ಸಲ್ಲುತ್ತದೆ, ಸೋಲಿಗರ ನುಡಿಗೂ ಸಲ್ಲುತ್ತದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ‘ರೆಸ್ಟ್ರಿಕ್ಟಿವ್’, ‘ನಾನ್‌ರೆಸ್ಟ್ರಿಕ್ಟಿವ್’ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಿಂದ ಪರೀಕ್ಷೆಯ ಅಂಕ ಬರುತ್ತದೆ, ಅರಿವು ಬರುವುದಿಲ್ಲ. ಮಕ್ಕಳು ‘ಹೂ’ ಬರೆಯುವ ಮುನ್ನ ಕನ್ನಡದಲ್ಲಿಯೇ ಕೇಳಿ: ‘ಇವರಲ್ಲದೆ ಬೇರೆಯವರೂ ಇದ್ದಾರೆಯೇ?’ ಇದ್ದಾರೆ, ಅವರನ್ನು ಬಿಟ್ಟು ಹೇಳುತ್ತಿದ್ದೇನೆ ಎಂದರೆ ಅಲ್ಪವಿರಾಮ ಬೇಡ. ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದೇನೆ ಎಂದರೆ ಹಾಕಲಿ. ವಾಕ್ಯದ ನಡುವೆ ಹಾಕುವಾಗ ಎರಡು ಕಡೆಯೂ ಹಾಕಲಿ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುವ ಮಕ್ಕಳೇ ಹೆಚ್ಚು.